ಬೀರುವಿನ ಹಿಂದಿನ ಹಳದಿ ಎಳೆ

ಬೆಳಿಗ್ಗೆಯಿಂದ ನೆಟ್ ಇಲ್ಲ. ಗೋಡೆಯ ಡಬ್ಬಿಯಲ್ಲಿ ಎಲ್‌ಒಎಸ್ ದೀಪ ಕೆಂಪಗೆ ಮಿಣುಕುತ್ತಿತ್ತು. ಅಂದ್ರೆ ಬೆಳಕೇ ಬರುತ್ತಿಲ್ಲ ಅಂತ. ಲೈನ್‌ಮನ್ ಬಂದವರು ಡಬ್ಬಿ ಮುಟ್ಟಲೇ ಇಲ್ಲ, ಸೀದಾ ಬೀರು ಸರಿಸಿದರು. ಹಿಂದೆ ಹಳದಿ ಫೈಬರ್ ಮಡಚಿ ಸಿಕ್ಕಿಕೊಂಡಿತ್ತು. ಗಾಜಿನ ಎಳೆ ಜಾಸ್ತಿ ಬಗ್ಗಿದರೆ ಬೆಳಕು ಅಲ್ಲೇ ಸೋರಿಹೋಗುತ್ತದೆ. ಮೊನ್ನೆ ಕಸ ಗುಡಿಸುವಾಗ ಬೀರು ತಳ್ಳಿದ್ದು ನಾನೇ. ಸುಮ್ನೆ ನಿಂತಿದ್ದೆ!

ಕೂದಲೆಳೆಯಂಥ ಒಂದೇ ಗಾಜು. ಜಿಪಾನ್ ಲೈನಿನಲ್ಲಿ, ಅಂದ್ರೆ ಒಂದೇ ಫೈಬರನ್ನು ಹಲವು ಮನೆಗಳಿಗೆ ಹಂಚುವ ಲೈನಿನಲ್ಲಿ, ಬರುವ ಡೇಟಾಗೆ 1490 ನ್ಯಾನೋಮೀಟರ್ ತರಂಗಾಂತರದ ಬೆಳಕು, ಹೋಗುವುದಕ್ಕೆ 1310. ಡಿಕ್ಕಿ ಇಲ್ಲ, ಜಗಳ ಇಲ್ಲ. ಇನ್ನೂ ತಮಾಷೆ ಅಂದ್ರೆ, ಬೆಳಕನ್ನು ಕವಲೊಡೆಸುವ ಒಂದೇ ಸ್ಪ್ಲಿಟರ್ ಹಂಚಿಕೊಂಡ ಅಕ್ಕಪಕ್ಕದ ಮನೆಗಳ ಡೇಟಾನೂ ನಮ್ಮ ಡಬ್ಬಿವರೆಗೆ ಬರುತ್ತದೆ. ಅದು ನಮ್ಮದನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತದೆ. ಪಕ್ಕದ್ಮನೆ ಆಂಟಿಗೆ ಇದನ್ನು ಹೇಳದಿರುವುದೇ ವಾಸಿ ಅಲ್ವಾ?