ಸ್ವರ ಸರಿ ಮಾಡಿ ಅಂತ ಬಂದವರು

ಗಂಟಲು ಕೂತಿದೆ ಅಂತ ಬಂದವರನ್ನು ಈಗ ನಾನು ತಪ್ಪದೆ ಕೇಳುವ ಒಂದು ಪ್ರಶ್ನೆ ಇದೆ: ಸ್ವರ ಕೆಡುವುದಕ್ಕೆ ಏನಾದರೂ ಟೈಮಿಂಗ್ ಇದೆಯಾ?

ನಾನು ಮಡಿಕೇರಿಯಲ್ಲಿ ಸ್ಪೀಚ್ ಥೆರಪಿಸ್ಟ್. ಬರುವವರಲ್ಲಿ ಟೀಚರುಗಳೇ ಜಾಸ್ತಿ, ಕಿರುಚಿ ಕಿರುಚಿ ಗಂಟಲು ಕೆಡಿಸಿಕೊಂಡವರು. ಈ ಪ್ರಶ್ನೆ ಕಲಿಸಿದ್ದು ಸುಂಟಿಕೊಪ್ಪ ಕಡೆಯ ಕಾಫಿ ತೋಟವೊಂದರ ರೈಟರ್, ಅಂದರೆ ಹಾಜರಿ-ಲೆಕ್ಕ ಬರೆಯುವವರು. ಬೆಳಿಗ್ಗೆ ಆಳುಗಳ ಹಾಜರಿ ಕೂಗುವಾಗ ಒಂದಷ್ಟು ಹೆಸರು ಸಲೀಸಾಗಿ ಬರುತ್ತವೆ, ಆಮೇಲೆ ಇದ್ದಕ್ಕಿದ್ದ ಹಾಗೆ ಸ್ವರ ಗೊಗ್ಗರಾಗುತ್ತದೆ. ಸ್ವಲ್ಪ ಹೊತ್ತಿಗೆ ತಾನೇ ಸರಿಹೋಗುತ್ತದೆ. "ಆಳುಗಳು ನಗ್ತಾರೆ ಮೇಡಂ" ಅಂದರು.

ಪೇಪರ್ ಕೊಟ್ಟು ಓದಿಸಿದೆ, ಗಡಿಯಾರ ನೋಡುತ್ತಾ ಕೂತೆ. ಚೆನ್ನಾಗಿ ಓದುತ್ತಿದ್ದವರು ಒಮ್ಮೆಲೇ ಕೆಮ್ಮಿದರು, ಸ್ವರ ಬಿಗಿಯಾಯಿತು. ಅರ್ಧ ನಿಮಿಷ, ಅಷ್ಟೇ. ಐದು ನಿಮಿಷ ಬಿಟ್ಟು ಮತ್ತೆ ಅದೇ. ಯಾವ ಶೀತವೂ ಹೀಗೆ ಅಲಾರಂ ಇಟ್ಟುಕೊಂಡು ಬರುವುದಿಲ್ಲ. ಏನಾದರೂ ಆಪರೇಶನ್ ಆಗಿದೆಯಾ ಅಂತ ಕೇಳಿದೆ. ಶರ್ಟಿನ ಮೇಲಿನ ಗುಂಡಿ ಬಿಚ್ಚಿ ಎಡಗಡೆ ಎದೆಯ ಮೇಲಿನ ಹೊಲಿಗೆ ಗುರುತು ತೋರಿಸಿದರು. ಫಿಟ್ಸ್ ಮಾತ್ರೆಗೆ ಬಗ್ಗದೆ ಬೆಂಗಳೂರಿನಲ್ಲಿ ವೇಗಸ್ ನರಕ್ಕೆ ಕರೆಂಟ್ ಕೊಡುವ ಮೆಷೀನ್ ಹಾಕಿಸಿಕೊಂಡಿದ್ದರು. ಗಂಟಲಿಗೆ ಹೀಗಾಗುತ್ತದೆ ಅಂತ ಅಲ್ಲಿ ಹೇಳಿಯೇ ಇರುತ್ತಾರೆ. ಆಪರೇಶನ್ ಗಾಬರಿಯಲ್ಲಿ ಯಾರ ಕಿವಿಗೆ ಏನು ಬೀಳುತ್ತದೆ ಹೇಳಿ.

ವೇಗಸ್ ನರ ಮೆದುಳಿನ ಬುಡದಿಂದ ಹೊರಟು ಕುತ್ತಿಗೆ, ಎದೆ ದಾಟಿ ಹೊಟ್ಟೆವರೆಗೆ ಇಳಿಯುತ್ತದೆ. ಮೆಷೀನ್ ಎದೆಯ ಎಡಗಡೆ ಕಾಲರ್ ಬೋನಿನ ಕೆಳಗೆ ಚರ್ಮದಡಿ ಇರುತ್ತದೆ, ಅದರ ವಯರ್ ಕುತ್ತಿಗೆಯಲ್ಲಿ ಆ ನರಕ್ಕೆ ಸುತ್ತಿರುತ್ತದೆ. ಸಾಮಾನ್ಯವಾಗಿ 30 ಸೆಕೆಂಡ್ ಕರೆಂಟ್, 5 ನಿಮಿಷ ಬಿಡುವು, ಹಗಲೂ ರಾತ್ರಿ. ಎಡಗಡೆಯ ಧ್ವನಿತಂತುವಿಗೆ ಹೋಗುವ ಕವಲು ಇದೇ ನರದ್ದು, ವಯರ್ ಸುತ್ತಿದ ಜಾಗದಿಂದ ಕೆಳಗೆ ಒಡೆಯುತ್ತದೆ. ಕರೆಂಟ್ ಬಂದಾಗ ಗಂಟಲೂ ಬಿಗಿಯುತ್ತದೆ.

ಕರೆಂಟ್ ಇಳಿಸಿ ಅಂತ ಡಾಕ್ಟರಿಗೆ ಒಂದು ಚೀಟಿ ಬರೆದರೆ ನನ್ನ ಕೆಲಸ ಮುಗಿಯುತ್ತಿತ್ತು. ರೈಟರಿಗೂ ಅದೇ ಬೇಕಿತ್ತು. ಅಷ್ಟು ಹೊತ್ತು ಸುಮ್ನೆ ಕೂತಿದ್ದ ಅವರ ಹೆಂಡತಿ ಆಗ ಬಾಯಿಬಿಟ್ಟರು. "ಇಳಿಸೋದು ಬೇಡ ಮೇಡಂ. ಫಿಟ್ಸ್ ಅಂಥದ್ದೇನೂ ಕಮ್ಮಿ ಆಗ್ಲಿಲ್ಲ. ಆದ್ರೆ ಇವರು ಈಗ ಮಾತಾಡ್ತಾರೆ." ಮೊದಲು ತೋಟದಿಂದ ಬಂದವರೇ ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದರಂತೆ. ಈಗ ಊಟಕ್ಕೆ ಕೂತಾಗ ಮಗಳ ಶಾಲೆ ವಿಷಯ ಕೇಳುತ್ತಾರೆ. ಹಾಜರಿ ಪುಸ್ತಕದ ಲೆಕ್ಕ ಮೂರ್ನಾಲ್ಕು ಸಲ ಕೂಡಬೇಕಾಗಿತ್ತು, ಈಗ ಒಂದೇ ಏಟಿಗೆ ಸರಿಬರುತ್ತದೆ. ರೈಟರ್ ಮಾತ್ರ "ಹಾಗೇನಿಲ್ಲ, ನಾನು ಮೊದ್ಲೂ ಹೀಗೇ" ಅಂದರು.

ಹೆಂಡತಿಯ ಮಾತನ್ನು ನಾನು ತಳ್ಳಿಹಾಕಲಿಲ್ಲ. ಈ ಮೆಷೀನಿಗೆ ಅಮೆರಿಕದಲ್ಲಿ 1997ರಲ್ಲಿ ಒಪ್ಪಿಗೆ ಸಿಕ್ಕಿದ್ದು ಫಿಟ್ಸಿಗೆ. ಹಾಕಿಸಿಕೊಂಡವರಲ್ಲಿ ಕೆಲವರ ಮನಸ್ಸು ಹಗುರಾಯಿತು, ಫಿಟ್ಸ್ ಕಮ್ಮಿಯಾಗದವರದ್ದು ಕೂಡ. ಅದೇ ಜಾಡು ಹಿಡಿದು 2005ರಲ್ಲಿ ಮಾತ್ರೆಗೆ ಜಗ್ಗದ ಖಿನ್ನತೆಗೂ ಒಪ್ಪಿಗೆ ಬಂತು. ವೇಗಸ್ ನರದ ಎಳೆಗಳಲ್ಲಿ ಸುಮಾರು ಶೇ. 80ರಷ್ಟು ಮೈಯಿಂದ ಮೆದುಳಿಗೆ ಸುದ್ದಿ ಒಯ್ಯುವಂಥವು. ಆ ಸುದ್ದಿ ನಾರಡ್ರಿನಲಿನ್, ಸೆರಟೋನಿನ್ ಅನ್ನುವ ಮೆದುಳಿನ ರಾಸಾಯನಿಕಗಳು ಹೊರಡುವ ಜಾಗಗಳವರೆಗೂ ಮುಟ್ಟುತ್ತದೆ. ಎಚ್ಚರ, ಗಮನ, ಮೂಡ್ ಎಲ್ಲದರಲ್ಲೂ ಇವೆರಡರ ಕೈವಾಡ ಇದೆ. ನೆನಪಿನ ಬಗ್ಗೆ 1999ರಲ್ಲಿ ಕೆವಿನ್ ಕ್ಲಾರ್ಕ್ ಮತ್ತು ಜೊತೆಗಾರರು ಪ್ರಕಟಿಸಿದ ಪ್ರಯೋಗ ನನಗೆ ಇಷ್ಟ. ಓದಿ ಮುಗಿಸಿದ ಕೂಡಲೇ 0.5 ಮಿಲಿಆಂಪ್ ಕೊಟ್ಟಾಗ, ಓದಿದ ಪದಗಳನ್ನು ಜನ ಹೆಚ್ಚು ಚೆನ್ನಾಗಿ ಗುರುತಿಸಿದರು. ಕರೆಂಟ್ ಏರಿಸಿದಾಗ ಆ ಲಾಭ ಸಿಗಲಿಲ್ಲ.

ಹಾಗಂತ ಇದೇನು ಪವಾಡ ಅಲ್ಲ. ಖಿನ್ನತೆಗೆ ನಡೆಸಿದ 10 ವಾರಗಳ ಪರೀಕ್ಷೆಯಲ್ಲಿ ಕರೆಂಟ್ ಪಡೆದವರಲ್ಲಿ ಶೇ. 15ರಷ್ಟು ಜನ ಸುಧಾರಿಸಿದರು. ಮೆಷೀನ್ ಇದ್ದೂ ಆನ್ ಮಾಡದೆ ಬಿಟ್ಟವರಲ್ಲಿ ಶೇ. 10. ಅಂತಾ ದೊಡ್ಡ ವ್ಯತ್ಯಾಸ ಏನಲ್ಲ. ಗುಣ ಕಾಣಿಸಿದರೂ ತಿಂಗಳುಗಟ್ಟಲೆ ಕಾಯಬೇಕು. ಮೊಬೈಲಿನಲ್ಲಿ ಮಾತ್ರ 'ಮುಖಕ್ಕೆ ತಣ್ಣೀರು ಹಾಕಿ ವೇಗಸ್ ಎಬ್ಬಿಸಿ' ಅಂತ ವಿಡಿಯೋಗಳು ಬರುತ್ತಲೇ ಇರುತ್ತವೆ. ತಣ್ಣೀರಿಗೆ ಎದೆಬಡಿತ ಇಳಿಯುವುದು ನಿಜ. ಆದರೆ ಮಡಿಕೇರಿಯ ಜುಲೈ ನೀರಲ್ಲಿ ದಿನಾ ಮುಖ ತೊಳೆಯುವ ನಮಗ್ಯಾರಿಗೂ ಹಾಗಾದರೆ ಖಿನ್ನತೆ ಬರಬಾರದಿತ್ತು, ಅಲ್ವಾ?

ಚೀಟಿಯಲ್ಲಿ ಗಂಟಲಿನ ತೊಂದರೆಯನ್ನೂ ಹೆಂಡತಿ ಹೇಳಿದ್ದನ್ನೂ ಬರೆದೆ. ಡಾಕ್ಟರು ಕರೆಂಟಿಗೆ ಕೈ ಹಚ್ಚಲಿಲ್ಲ. ಪಲ್ಸ್ ವಿಡ್ತ್, ಅಂದರೆ ಕರೆಂಟಿನ ಒಂದೊಂದು ಮಿಡಿತದ ಅವಧಿ, ಅದನ್ನು ಮಾತ್ರ 500 ಮೈಕ್ರೋಸೆಕೆಂಡಿನಿಂದ 250ಕ್ಕೆ ತಂದರು. ಎಷ್ಟೋ ಜನರ ಗಂಟಲಿಗೆ ಅಷ್ಟೇ ಸಾಕಾಗುತ್ತದೆ. ಜೊತೆಗೆ ಹಾಜರಿ ಹೊತ್ತಿಗೆ ಮ್ಯಾಗ್ನೆಟ್ ಬಳಸಲು ಹೇಳಿದರು. ಮೆಷೀನ್ ಮೇಲೆ ಒಮ್ಮೆ ಸವರಿದರೆ ಹೆಚ್ಚುವರಿ ಕರೆಂಟ್ ಬರುತ್ತದೆ, ಅದು ಫಿಟ್ಸ್ ಶುರುವಾದಾಗ. ಹಾಗೇ ಅಲ್ಲಿ ಹಿಡಿದಿಟ್ಟರೆ ಕರೆಂಟ್ ನಿಲ್ಲುತ್ತದೆ, ತೆಗೆದರೆ ಮತ್ತೆ ಶುರು. ಡಾಕ್ಟರನ್ನು ಕೇಳದೆ ಯಾರೂ ಇದನ್ನು ಮಾಡಬಾರದು. ನನ್ನ ಪಾಲಿಗೆ ಉಳಿದದ್ದು ಉಸಿರು ತೆಗೆದುಕೊಂಡು ಹೆಸರುಗಳನ್ನು ತುಂಡು ತುಂಡಾಗಿ ಕೂಗುವ ಅಭ್ಯಾಸ.

ಈಗ ಇಂಥ ಮೆಷೀನ್ ಇರುವವರು ಬಂದರೆ, ಚೀಟಿ ಬರೆಯುವ ಮೊದಲು ನಿದ್ದೆ, ಸಿಟ್ಟು, ಮರೆವು, ಮಾತು ಹೇಗಿದೆ ಅಂತ ಮನೆಯವರನ್ನೂ ಕೇಳುತ್ತೇನೆ. ಒಬ್ಬರೇ ಬಂದಿದ್ದರೆ ಅವರ ಒಪ್ಪಿಗೆ ಪಡೆದು ಮನೆಗೆ ಫೋನ್ ಮಾಡುತ್ತೇನೆ. ಅವರ ಎದುರಿಗೇ, ಸ್ಪೀಕರ್ ಹಾಕಿ.