ಪೇವರ್ ಕೊಟೇಶನ್‌ನಲ್ಲಿ ಬರೆಯದೆ ಬಿಟ್ಟಿದ್ದು

ಮೈಸೂರಿನಲ್ಲಿ ಹಳೆ ಮನೆಗಳ ರಿಪೇರಿಗೆ ಎಸ್ಟಿಮೇಟ್ ಮಾಡಿಕೊಡುವುದು ನನ್ನ ಕೆಲಸ. ಗೇಟಿನಿಂದ ಪೋರ್ಟಿಕೊವರೆಗೆ ಕಾರು ಬರುವ ಜಾಗಕ್ಕೆ ಪೇವರ್ ಬ್ಲಾಕ್ ಹಾಕಿಸಬೇಕೆನ್ನುವವರು ಮೂರು ಕೊಟೇಶನ್ ಹಿಡಿದು ಬಂದು ಕೇಳುವುದು ಒಂದೇ: "ಸಾರ್, ಯಾರಿಗೆ ಕೊಡೋಣ?" ಚದರ ಅಡಿಗೆ ಇಷ್ಟು ಅಂತ ಒಂದೇ ಸಾಲು ಗೀಚಿದ ಕಾಗದ ನೋಡಿ ಅದನ್ನು ಹೇಳಲು ಯಾರಿಂದಲೂ ಆಗದು.

ಈಚೆಗೆ ಕುವೆಂಪುನಗರದಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಮನೆ. ಉದ್ದಗಲ 20 ಅಡಿ, ಅಂದರೆ 400 ಚದರ ಅಡಿ. ಹಳೆ ಶಹಾಬಾದ್ ಕಲ್ಲು, ಅಲ್ಲಲ್ಲಿ ಕುಸಿದಿತ್ತು. ಒಬ್ಬರ ದರ 72 ರೂಪಾಯಿ, ಇನ್ನೊಬ್ಬರದು 95, ಮತ್ತೊಬ್ಬರದು 120.

72ರವರಿಗೆ ಫೋನ್ ಹಚ್ಚಿದೆ. "ಕಲ್ಲು ಕೀಳೋದ್ಯಾಕೆ ಸಾರ್? ಅದರ ಮೇಲೇ ಕೂರಿಸಿಬಿಡ್ತೀನಿ, ಒಳ್ಳೆ ಗಟ್ಟಿ ಬೇಸು" ಅಂದರು. ಟೇಪ್ ಹಿಡಿದರೆ ಗೇಟಿನಡಿ ಇದ್ದ ಸಂದು ಎರಡೇ ಇಂಚು. 60 ಎಂಎಂ ಬ್ಲಾಕು, ಅದರಡಿ ಒಂದಿಂಚು ಮರಳು ಅಂದರೂ ನೆಲ ಮೂರಿಂಚಿನ ಮೇಲೆ ಏರುತ್ತದೆ. ಗೇಟು ತೆರೆಯುವುದಿಲ್ಲ. ಸಂಪಿನ ಮುಚ್ಚಳ, ಚರಂಡಿ ಚೇಂಬರ್ ಎರಡೂ ಗುಂಡಿಯಲ್ಲಿ ಉಳಿಯುತ್ತವೆ. ಗೇಟು ಕತ್ತರಿಸಿ ವೆಲ್ಡಿಂಗ್ ಮಾಡಿಸುವ ಖರ್ಚು ಯಾರದು? ಕೊಟೇಶನ್‌ನಲ್ಲಿ ಅದರ ಸುದ್ದಿಯೇ ಇಲ್ಲ. ಇನ್ನು 120ರವರು ಹಿಡಿದಿದ್ದು 80 ಎಂಎಂ ಬ್ಲಾಕು. ಮನೆಯ ಒಂದು ಕಾರಿಗೆ ಅಷ್ಟು ಬೇಡ; ಪೇವರ್ ಬ್ಲಾಕಿನ ಭಾರತೀಯ ಮಾನಕ ಐಎಸ್ 15658ರ 2006ರ ಪ್ರತಿಯೂ ಕಡಿಮೆ ಓಡಾಟದ ಜಾಗಕ್ಕೆ 60 ಎಂಎಂ ದಪ್ಪ, ಎಂ-35 ದರ್ಜೆಯ ಕಾಂಕ್ರೀಟ್ ಸಾಕೆಂದಿತ್ತು.

ಮೂವರಿಗೂ ಒಂದೇ ಹಾಳೆ ಬರೆದು ಕಳಿಸಿದೆ. ಹಳೆ ಕಲ್ಲು ಕಿತ್ತು, ಮಣ್ಣು ತೆಗೆದು, ಆರಿಂಚು ಜಲ್ಲಿ ಹಾಕಿ ಕಾಂಪ್ಯಾಕ್ಟರ್ ಓಡಿಸಿ ದಮ್ಮಸ್ಸು ಮಾಡಬೇಕು. ಗೇಟಿನ ಕಡೆಗೆ 50ಕ್ಕೆ 1ರ ಇಳಿಜಾರು, ಅಂದರೆ 20 ಅಡಿಗೆ ಸುಮಾರು ಐದಿಂಚು. ಅಂಚಿಗೆ ಕಾಂಕ್ರೀಟ್ ದಿಂಡು. ಅದಿಲ್ಲದಿದ್ದರೆ ಚಕ್ರದ ಒತ್ತಡಕ್ಕೆ ಬ್ಲಾಕು ಪಕ್ಕಕ್ಕೆ ಸರಿದು ಸಂದು ಬಾಯಿಬಿಡುತ್ತದೆ. ಸಂದಿಗೆ ಸಣ್ಣ ಮರಳೇ, ಸಿಮೆಂಟ್ ಹಾಲು ಬೇಡ. ಜಿಎಸ್‌ಟಿ ಸೇರಿಯೋ ಬೇರೆಯೋ ಬರೆಯಬೇಕು. 18 ಪರ್ಸೆಂಟ್ ಸಣ್ಣ ಮೊತ್ತವಲ್ಲ. ಕಿತ್ತ ಶಹಾಬಾದ್ ಕಲ್ಲು ಮನೆಯವರದು ಅಂತಲೂ ಸೇರಿಸಿದೆ. ಇಲ್ಲದಿದ್ದರೆ ಅದು ಡೆಬ್ರಿಸ್ ಹೆಸರಿನಲ್ಲಿ ಟ್ರ್ಯಾಕ್ಟರ್ ಹತ್ತಿ ಹೋಗುತ್ತದೆ.

ಎಲ್ಲರಿಗೂ ನಾನು ತಪ್ಪದೆ ಕೇಳುವ ಪ್ರಶ್ನೆ ಇನ್ನೊಂದಿದೆ: "ಜಲ್ಲಿ ಎಷ್ಟು ಟ್ರ್ಯಾಕ್ಟರ್ ಲೋಡ್ ತರಿಸ್ತೀರಿ?" 400 ಚದರ ಅಡಿಗೆ ಆರಿಂಚು ಅಂದರೆ ದಮ್ಮಸ್ಸು ಆದ ಮೇಲೆ 200 ಘನ ಅಡಿ; ಸಡಿಲ ಜಲ್ಲಿ ಅದಕ್ಕಿಂತ ಹೆಚ್ಚೇ ಬೇಕು. "ಒಂದು ಲೋಡ್ ಸಾಕು ಸಾರ್" ಅಂದವರ ಲೆಕ್ಕದಲ್ಲಿ ಆರಿಂಚು ಇಲ್ಲ. ಕಾಗದದಲ್ಲಿ ಏನೇ ಬರೆದಿರಲಿ, ನಾನು ನಂಬುವುದು ಈ ಉತ್ತರವನ್ನು.

ಹಾಳೆ ಹೋದ ಮೇಲೆ 72 ಇದ್ದದ್ದು 104 ಆಯಿತು, 120 ಇದ್ದದ್ದು 108ಕ್ಕೆ ಇಳಿಯಿತು. 95ರವರು ಮತ್ತೆ ಫೋನ್ ಎತ್ತಲಿಲ್ಲ. ನಾಲ್ಕು ರೂಪಾಯಿ ಹೆಚ್ಚಾದರೂ ಮೇಷ್ಟ್ರು 108ರವರಿಗೇ ಕೊಟ್ಟರು. ಅವರು ಹಿಂದೆ ಹಾಕಿದ್ದ ಒಂದು ಮನೆಯ ಅಂಗಳ ತೋರಿಸಿದ್ದರು, ಕಾರಿನ ಚಕ್ರದ ಜಾಡಿನಲ್ಲಿ ಒಂದು ಬ್ಲಾಕೂ ತಗ್ಗಿರಲಿಲ್ಲ. ಹಣದ ಕಂತು ಹೀಗೆ: ಜಲ್ಲಿ ದಮ್ಮಸ್ಸು ಆಗಿ, ಟೇಪಿನಲ್ಲಿ ದಪ್ಪ ನೋಡಿದ ಮೇಲೆ ಅರ್ಧ, ಬ್ಲಾಕು ಕೂರಿಸಿ, ಸಂಪಿನ ಮುಚ್ಚಳದ ಜಾಗ ಕಳೆದು ಅಳತೆ ಹಿಡಿದ ಮೇಲೆ ಉಳಿದದ್ದು. ಅದರಲ್ಲೂ ಹತ್ತು ಪರ್ಸೆಂಟ್ ಮಾತ್ರ ಒಂದು ದೊಡ್ಡ ಮಳೆ ಬಂದು ನೀರೆಲ್ಲ ಗೇಟಿನ ಕಡೆಗೇ ಹರಿದ ಮೇಲೆ.