ಒಂದು ಸೀಟಿಗೆ ಎಷ್ಟು ಟಿಕೆಟ್?

ನಾನು ಬಿಟಿಎಸ್ ಕಾಲದಲ್ಲಿ ಕಂಡಕ್ಟರ್ ಆಗಿ ಸೇರಿದವನು. 1997ರಲ್ಲಿ ಅದು ಬಿಎಂಟಿಸಿ ಆಯಿತು, ಅಲ್ಲೇ ರಿಟೈರ್ ಆದೆ. ಈಗ ಕನಕಪುರ ರಸ್ತೆಯಿಂದ ಒಳಗೆ ಒಂದು ಲೇಔಟಿನಲ್ಲಿ ಮಗಳ ಮನೆಯಲ್ಲಿದ್ದೇನೆ. ನನ್ನ ಹಳೇ ಕೆಲಸ ಗೊತ್ತಾದಾಗಿನಿಂದ ಇಲ್ಲಿನವರದ್ದು ಒಂದೇ ಮಾತು: "ಸಾರ್, ನಮ್ಮ ಲೇಔಟಿಗೆ ಒಂದು ಮೆಜೆಸ್ಟಿಕ್ ಬಸ್ ಹಾಕಿಸಿ." ರಿಟೈರ್ ಆದ ಕಂಡಕ್ಟರ್ ಮಾತನ್ನು ಡಿಪೋದಲ್ಲಿ ಯಾರು ಕೇಳ್ತಾರೆ, ಅದು ಬೇರೆ ವಿಷಯ.

ಬಸ್ಸಿನ ಲೆಕ್ಕ ಏನು ಅಂತ ಹೇಳ್ತೀನಿ. ಮಾರ್ಕೆಟ್–ಶಿವಾಜಿನಗರ ರೂಟಿನಲ್ಲಿ ಬಹಳ ವರ್ಷ ಡ್ಯೂಟಿ ಮಾಡಿದ್ದೇನೆ. ಮಾರ್ಕೆಟ್ಟಿನಲ್ಲಿ ಹೂವು, ಸೊಪ್ಪು ಹಿಡಿದು ಹತ್ತಿದವರು ಕಾರ್ಪೊರೇಷನ್ ಹತ್ತಿರ ಇಳಿಯೋರು. ಆ ಸೀಟಿಗೆ ಆಫೀಸಿನವರು ಬಂದು ಕೂರೋರು. ಅವರು ಇಳಿದರೆ ಆಸ್ಪತ್ರೆಗೆ ಹೋಗೋರು. ಒಂದೇ ಸೀಟು, ಒಂದೇ ಟ್ರಿಪ್ಪು, ಮೂರು ಟಿಕೆಟ್. ಹತ್ತಿರದ ಪ್ರಯಾಣಕ್ಕೆ ಕಿಲೋಮೀಟರ್ ಲೆಕ್ಕದಲ್ಲಿ ದರವೂ ಜಾಸ್ತಿ ಬೀಳುತ್ತೆ. ಸ್ಟೇಜ್, ಅಂದರೆ ಟಿಕೆಟ್ ದರ ಬದಲಾಗೋ ಸ್ಟಾಪು, ಬರೋದ್ರೊಳಗೆ ಎಲ್ಲರಿಗೂ ಟಿಕೆಟ್ ಕೊಟ್ಟು ಮುಗಿಸೋಕೆ ಪರದಾಡಬೇಕಿತ್ತು. ವಾಪಸ್ ಬರುವಾಗಲೂ ಅಷ್ಟೇ ರಶ್ಶು.

ಊರಾಚೆಯ ಲೇಔಟಿನ ಗಾಡಿ ಹಾಗಲ್ಲ. ಬೆಳಿಗ್ಗೆ ಹತ್ತಿದವರು ಕಿಟಕಿಗೆ ತಲೆ ಕೊಟ್ಟು ಮಲಗಿದರೆ ಮೆಜೆಸ್ಟಿಕ್ಕಿನಲ್ಲೇ ಏಳೋದು. ಒಂದು ಸೀಟು, ಒಂದೇ ಟಿಕೆಟ್. ವಾಪಸ್ ಬರುವಾಗ ಗಾಡಿ ಖಾಲಿ. ಬಾನೆಟ್ ಪಕ್ಕ ಕೂತು ಡ್ರೈವರ್ ಜೊತೆ ಮನೆ ಕಥೆ ಮಾತಾಡ್ಕೊಂಡು ಬರಬೇಕು. ಡೀಸೆಲ್ ಮಾತ್ರ ಅಷ್ಟೇ ಸುಡುತ್ತೆ.

ಬೆಂಗಳೂರಲ್ಲಿ ಅಷ್ಟೊಂದು ಜನ ಇದ್ದಾರಲ್ಲ, ಬಸ್ ಯಾಕೆ ತುಂಬಲ್ಲ ಅಂತ ಕೇಳ್ತಾರೆ. 2011ರ ಜನಗಣತಿ ನೋಡಿ. ಬೆಂಗಳೂರು ನಗರ ಜಿಲ್ಲೆಯಲ್ಲಿ ಚದರ ಕಿಲೋಮೀಟರಿಗೆ ಸರಾಸರಿ ಸುಮಾರು 4,400 ಜನ. ಆ ಸರಾಸರಿ ನಂಬಿ ಬಸ್ ಬಿಟ್ಟರೆ ಕೆಟ್ಟ ಹಾಗೇ. ಜಿಲ್ಲೆಯ 96 ಲಕ್ಷ ಜನರಲ್ಲಿ ಸುಮಾರು 84 ಲಕ್ಷ ಇದ್ದದ್ದು ಪಾಲಿಕೆಯೊಳಗೆ, ಅಂದರೆ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಜಾಗದಲ್ಲಿ. ಉಳಿದ ಜಾಗಕ್ಕೆ ಲೆಕ್ಕ ಹಾಕಿದರೆ ಚದರ ಕಿಲೋಮೀಟರಿಗೆ 800ರ ಆಸುಪಾಸು. ಈಗ ಅಲ್ಲೂ ಜನ ಜಾಸ್ತಿಯಾಗಿದ್ದಾರೆ, ನಿಜ. ಆದರೆ ನಮ್ಮ ಬೀದಿಯನ್ನೇ ನೋಡಿ. ಒಂದು ಮನೆ, ಪಕ್ಕದಲ್ಲಿ ಪಾರ್ಥೇನಿಯಂ ಬೆಳೆದ ಎರಡು ಖಾಲಿ ಸೈಟು, ಆಮೇಲೆ ಇನ್ನೊಂದು ಮನೆ. ರೇಟು ಏರಲಿ ಅಂತ ಸೈಟು ಇಟ್ಟುಕೊಂಡವರು ಎಲ್ಲೋ ಜಯನಗರದಲ್ಲಿ ಆರಾಮಾಗಿದ್ದಾರೆ. ಅವರ ಸೈಟು ದಾಟಿಕೊಂಡು ಸ್ಟಾಪಿಗೆ ನಡೆಯೋದು ನಾವು. ಇದು ನನ್ನ ಹೊಟ್ಟೆಉರಿ ಅಂದ್ಕೊಳ್ಳಿ, ಪರವಾಗಿಲ್ಲ.

ಹಾಗಂತ ಜನ ಒತ್ತಾಗಿದ್ದ ಮಾತ್ರಕ್ಕೆ ಬಸ್ ತುಂಬುತ್ತೆ ಅಂತಲೂ ಇಲ್ಲ. ಸರ್ಜಾಪುರ ರಸ್ತೆಯ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಒಂದೊಂದರಲ್ಲೂ ಒಂದು ಹಳ್ಳಿಯಷ್ಟು ಜನ. ಸುತ್ತ ಕಾಂಪೌಂಡು, ಹೊರಗೆ ಬರೋಕೆ ಒಂದೇ ಗೇಟು, ಗೇಟಿನಾಚೆ ಎಷ್ಟೋ ಕಡೆ ಫುಟ್‌ಪಾತೇ ಇಲ್ಲ. ಹಿಂದಿನ ಟವರಿನವರು ಗೇಟಿಗೆ ಬರೋದ್ರೊಳಗೆ ಬಸ್ ಹೋಗಿರುತ್ತೆ. ಶ್ರೀನಗರ, ಹನುಮಂತನಗರದಲ್ಲಿ ಮನೆಗಳು ಎರಡು ಮೂರು ಮಹಡಿ ಅಷ್ಟೇ. ಆದರೆ ಹೆಜ್ಜೆಗೊಂದು ಕ್ರಾಸು, ಯಾವ ಕ್ರಾಸಿನಿಂದ ಹೊರಟರೂ ಮೇನ್ ರೋಡ್ ಸಿಗುತ್ತೆ. ಅಲ್ಲಿನ ಅಜ್ಜಿಯರು ಕೂಡ ಬಸ್ಸಿಗೆ ಬರೋರು.

ರಿಂಗ್ ರೋಡಿನ 500ಡಿ ಕೂಡ ನೋಡಿ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ದಾರಿಯುದ್ದಕ್ಕೂ ಮನೆಗಳೂ ಇವೆ, ಆಫೀಸುಗಳೂ ಇವೆ. ಎರಡೂ ಕಡೆಯಿಂದ ಗಾಡಿ ತುಂಬಿರುತ್ತೆ. ಮೆಜೆಸ್ಟಿಕ್ ಮುಟ್ಟದೇ ಇದ್ದರೂ ಅದಕ್ಕೇನೂ ಕಮ್ಮಿಯಾಗಿಲ್ಲ.

ಅದಕ್ಕೇ ನಮ್ಮವರಿಗೆ ಹೇಳಿದೆ: "ಮೆಜೆಸ್ಟಿಕ್ ಕೇಳ್ಬೇಡಿ. ವಾಜರಹಳ್ಳಿ ಮೆಟ್ರೋ ಸ್ಟೇಷನ್‌ವರೆಗೆ ಒಂದು ಚಿಕ್ಕ ಗಾಡಿ ಕೇಳಿ. ಮೆಜೆಸ್ಟಿಕ್ಕಿಗೆ ಒಂದು ಸಲ ಹೋಗಿ ಬರೋಷ್ಟರಲ್ಲಿ ಆ ಗಾಡಿ ನಾಲ್ಕೈದು ರೌಂಡ್ ಹೊಡೆಯುತ್ತೆ. ಸೀಟೂ ಅಷ್ಟು ಸಲ ತುಂಬುತ್ತೆ." ಗಂಡಸರು ಒಪ್ಪಿದರು. ಅರ್ಜಿಯಲ್ಲಿ ಮೆಜೆಸ್ಟಿಕ್ ಹೊಡೆದು ವಾಜರಹಳ್ಳಿ ಅಂತ ಬರೆದೆ.

ಸಹಿಗೆ ಹೋದಾಗ ಮೂಲೆ ಮನೆಯ ಹೆಂಗಸು ಪೆನ್ನು ವಾಪಸ್ ಕೊಟ್ಟರು. "ಅಂಕಲ್, 2023ರಿಂದ ನಮಗೆ ಬಸ್ ಫ್ರೀ. ಮೆಟ್ರೋಗೆ ದುಡ್ಡು ಕೊಡ್ಬೇಕು. ನಾನು ಮನೆಕೆಲಸಕ್ಕೆ ಹೋಗೋಳು, ದಿನಾ ಎಲ್ಲಿಂದ ತರಲಿ?" ನನ್ನ ಲೆಕ್ಕದಲ್ಲಿ ಸೀಟು ಇತ್ತು, ಡೀಸೆಲ್ ಇತ್ತು, ಶಕ್ತಿ ಯೋಜನೆ ಮಾತ್ರ ಇರಲಿಲ್ಲ. ಕೊನೆಗೆ ಅವರ ಮನೆ ಜಗಲಿ ಮೇಲೇ ಕೂತು ವಾಜರಹಳ್ಳಿಯನ್ನೂ ಹೊಡೆದು ಬನಶಂಕರಿ ಬಸ್ ಸ್ಟ್ಯಾಂಡ್ ಅಂತ ಬರೆದೆವು. ಅಲ್ಲಿ ಮೆಟ್ರೋನೂ ಇದೆ, ಊರಿನ ಹತ್ತು ದಿಕ್ಕಿಗೆ ಬಸ್ಸೂ ಇದೆ. ರೌಂಡು ಒಂದೆರಡು ಕಮ್ಮಿಯಾಗುತ್ತೆ. ಅವರು ಸಹಿ ಹಾಕಿದರು. ಎದುರು ಮನೆಯವರನ್ನೂ ಅವರೇ ಕರೆದರು.